ಚಿಕ್ಕ ಮಾದರಿ ರೈಲು ಲೇಔಟ್: ಜಾಗದ ಲೆಕ್ಕದಿಂದ ಡಿಜಿಟಲ್ ಕಂಟ್ರೋಲ್‌ವರೆಗೆ

ಮಾದರಿ ರೈಲಿನ ಹವ್ಯಾಸಕ್ಕೆ ಹೊಸದಾಗಿ ಕೈಹಾಕುವವರು ಸಾಮಾನ್ಯವಾಗಿ ಮೊದಲು ಕೇಳುವುದು 'ಯಾವ ಡಿಸಿಸಿ (ಹಳಿಯ ಮೂಲಕವೇ ಎಂಜಿನ್‌ಗೆ ಆದೇಶ ಕಳಿಸುವ ಡಿಜಿಟಲ್ ಕಂಟ್ರೋಲ್) ಸಿಸ್ಟಮ್ ಕೊಳ್ಳಲಿ?' ಎಂದು. ಅದು ಒಳ್ಳೆಯ ಪ್ರಶ್ನೆಯೇ, ಆದರೆ ಕೇಳಬೇಕಾದದ್ದು ಆಮೇಲೆ. ಇರುವ ಜಾಗದಲ್ಲಿ ಏನು ಓಡಿಸುತ್ತೀರಿ, ಒಂದೇ ಹೊತ್ತಿಗೆ ಎಷ್ಟು ಗಾಡಿ ಚಲಿಸಬೇಕು, ಆಡಿಸುವವರು ಎಷ್ಟು ಜನ ಎಂಬುದು ಮೊದಲು ಕಾಗದದ ಮೇಲೆ ತೀರ್ಮಾನವಾಗಲಿ. ಆಗ ಕಂಟ್ರೋಲ್ ಆಯ್ಕೆ ಅರ್ಧ ತಾನಾಗಿಯೇ ಮುಗಿದಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿ ನಕ್ಷೆಯಿಂದ ಶುರುವಾಗಿ ಕಂಟ್ರೋಲ್‌ಗೆ ಬರುತ್ತದೆ.

ಎರಡನ್ನೂ ಒಟ್ಟಿಗೆ ಹಿಡಿದಿಡುವ ಒಂದು ಲೆಕ್ಕವನ್ನು ಮೊದಲೇ ಮಾಡಿಬಿಡೋಣ. ಎಚ್‌ಒ ಸ್ಕೇಲ್ ಅಂದರೆ 1:87, ನಿಜದ ಅಳತೆಯ 87ರಲ್ಲಿ ಒಂದು ಪಾಲು. ನಿಜವಾದ ಯಾರ್ಡ್‌ನಲ್ಲಿ ವ್ಯಾಗನ್ ಸರಿಸುವ ಶಂಟಿಂಗ್ ಎಂಜಿನ್ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ, ಮಾದರಿಯಲ್ಲಿ ಆ ವೇಗ ಸೆಕೆಂಡಿಗೆ ಸುಮಾರು 3.2 ಸೆಂ.ಮೀ. ಒಂದು ಮೀಟರ್ ದಾಟಲು 31 ಸೆಕೆಂಡ್ ಬೇಕು. ಗಂಟೆಗೆ 60 ಕಿ.ಮೀ. ವೇಗಕ್ಕೆ ಏರಿಸಿದರೆ ಅದೇ ಒಂದು ಮೀಟರ್ ಐದೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಚಿಕ್ಕ ಲೇಔಟ್ ದೊಡ್ಡದಾಗುವುದು ನಿಧಾನದಿಂದ. ಹಾಗಾಗಿ ಎಂಜಿನ್ ಎಷ್ಟು ನಿಧಾನವಾಗಿ, ಎಷ್ಟು ನಯವಾಗಿ, ನಿಲ್ಲದೆ ತೆವಳಬಲ್ಲದು ಎಂಬುದೇ ಮುಂದಿನ ಎಲ್ಲ ತೀರ್ಮಾನಗಳ ಅಳತೆಗೋಲು.

ಹಂತ 1: ಏನು ಓಡಿಸಬೇಕೆಂದು ಬರೆದಿಡಿ

ಸುತ್ತ ಓಡುವ ಗಾಡಿಯನ್ನು ನೋಡುತ್ತ ಕೂರುವುದು ಒಂದು ಬಗೆಯ ಸಂತೋಷ. ವ್ಯಾಗನ್‌ಗಳನ್ನು ಹಿಂದೆ ಮುಂದೆ ಸರಿಸಿ, ಬೇಕಾದ ಕ್ರಮದಲ್ಲಿ ಜೋಡಿಸಿ ಗಾಡಿ ಕಟ್ಟುವ ಶಂಟಿಂಗ್ ಮತ್ತೊಂದು ಬಗೆಯದು. ಎರಡೂ ಬೇಕೆನಿಸುವುದು ಸಹಜ, ಆದರೆ ಚಿಕ್ಕ ಜಾಗದಲ್ಲಿ ಒಂದಕ್ಕೆ ಮೊದಲ ಸ್ಥಾನ ಕೊಡಲೇಬೇಕು. ಸುತ್ತು ಬೇಕಾದರೆ ಅಗಲ ಬೇಕು, ಏಕೆಂದರೆ ಗಾಡಿ ಎರಡೂ ತುದಿಯಲ್ಲಿ ಪೂರ್ತಿ ತಿರುಗಬೇಕು. ಶಂಟಿಂಗ್‌ಗೆ ಉದ್ದವಿದ್ದರೆ ಸಾಕು, 30 ಸೆಂ.ಮೀ. ಅಗಲದ ಹಲಗೆಯ ಮೇಲೂ ಆಗುತ್ತದೆ.

ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ: ಕಾಲಘಟ್ಟ, ಉಗಿಬಂಡಿಯೋ ಡೀಸೆಲ್ಲೋ, ಅತಿ ಉದ್ದದ ಬೋಗಿ ಎಷ್ಟು ಉದ್ದ, ನಿಮ್ಮ 'ಪೂರ್ತಿ ಗಾಡಿ' ಅಂದರೆ ಎಂಜಿನ್ ಜೊತೆ ಎಷ್ಟು ವ್ಯಾಗನ್, ಒಂದೇ ಹೊತ್ತಿಗೆ ಚಲಿಸುವ ಎಂಜಿನ್ ಎಷ್ಟು. ಕೊನೆಯದನ್ನು ಪ್ರಾಮಾಣಿಕವಾಗಿ ಬರೆಯಿರಿ. ಹತ್ತು ಎಂಜಿನ್ ಇರಬಹುದು, ಆದರೆ ಒಬ್ಬರೇ ಆಡಿಸುವಾಗ ಚಲಿಸುವುದು ಒಂದೋ ಎರಡೋ. ಕಂಟ್ರೋಲ್ ಸಿಸ್ಟಮ್‌ಗೆ ಬೇಕಾದ ವಿದ್ಯುತ್ತನ್ನು ಮುಖ್ಯವಾಗಿ ನಿರ್ಧರಿಸುವುದು ಈ ಸಂಖ್ಯೆ, ಕಪಾಟಿನಲ್ಲಿರುವ ಎಂಜಿನ್‌ಗಳ ಸಂಖ್ಯೆಯಲ್ಲ.

ಹಂತ 2: ಸ್ಕೇಲ್

ಎಚ್‌ಒದಲ್ಲಿ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಬ್ರಿಟನ್ನಿನ ಒಒ ಸ್ಕೇಲ್ (1:76) ಕೂಡ ಅದೇ 16.5 ಮಿ.ಮೀ. ಹಳಿಯ ಮೇಲೆ ಓಡುತ್ತದೆ. ಎನ್ ಸ್ಕೇಲ್‌ಗೆ 9 ಮಿ.ಮೀ. ಹಳಿ, ಅನುಪಾತ ಸಾಮಾನ್ಯವಾಗಿ 1:160, ಬ್ರಿಟನ್ನಿನಲ್ಲಿ 1:148, ಜಪಾನಿನಲ್ಲಿ ಹೆಚ್ಚಾಗಿ 1:150. ಇವೆರಡರ ನಡುವೆ 12 ಮಿ.ಮೀ. ಹಳಿಯ ಟಿಟಿ (1:120) ಇದೆ.

ಜಾಗ ಕಡಿಮೆ ಎಂದ ಕೂಡಲೇ ಎನ್ ಎನ್ನುವ ಸಲಹೆ ಬರುತ್ತದೆ. ಸುತ್ತು ಓಡಿಸುವ ಲೇಔಟ್‌ಗೆ ಅದು ಸರಿ. ಶಂಟಿಂಗ್‌ಗೆ ಮಾತ್ರ ನಾನು ಎಚ್‌ಒ ಅಥವಾ ಒಒ ಕಡೆಗೇ ವಾಲುತ್ತೇನೆ. ಎಂಜಿನ್ ಭಾರವಿದ್ದಷ್ಟೂ ಚಕ್ರ ಹಳಿಗೆ ಚೆನ್ನಾಗಿ ಒತ್ತಿ ಕೂರುತ್ತದೆ, ವಿದ್ಯುತ್ ಸಂಪರ್ಕ ಗಟ್ಟಿಯಾಗುತ್ತದೆ, ನಿಧಾನದ ಓಟ ಸುಲಭವಾಗುತ್ತದೆ. ಡಿಕೋಡರ್ (ಡಿಸಿಸಿ ಆದೇಶ ಓದಿ ಎಂಜಿನ್ ನಡೆಸುವ ಪುಟ್ಟ ಸರ್ಕ್ಯೂಟ್), ಸ್ಪೀಕರ್ ಕೂರಿಸಲು ಒಳಗೆ ಜಾಗವೂ ಇರುತ್ತದೆ. ವ್ಯಾಗನ್‌ಗಳನ್ನು ಜೋಡಿಸುವ ಕೊಂಡಿ, ಅಂದರೆ ಕಪ್ಲರ್, ಬಿಡಿಸುವುದು ಕಣ್ಣಿಗೂ ಬೆರಳಿಗೂ ಹಗುರ.

ಹಂತ 3: ಜಾಗ ಅಳೆಯಿರಿ, ನಿಮ್ಮ ಕೈಯನ್ನೂ ಅಳೆಯಿರಿ

ಹಳಿ ತಪ್ಪಿದ ವ್ಯಾಗನ್ ಎತ್ತಲು ಕೈ ಆರಾಮವಾಗಿ ಚಾಚುವುದು 60ರಿಂದ 75 ಸೆಂ.ಮೀ. ಅಷ್ಟೇ. ಅದಕ್ಕಿಂತ ಆಚೆ ಪಾಯಿಂಟ್ (ಹಳಿ ಎರಡಾಗಿ ಕವಲೊಡೆಯುವ ತುಂಡು) ಇಟ್ಟರೆ ಮುಂದೆ ಅದನ್ನು ಸರಿಪಡಿಸಲು ಆಗುವುದಿಲ್ಲ. ಅಲ್ಲಿ ಬೆಟ್ಟ, ಕಟ್ಟಡ ಇರಲಿ, ಪಾಯಿಂಟ್ ಬೇಡ.

ಅನೇಕರು 1.2 x 2.4 ಮೀಟರ್‌ನ ಇಡೀ ಪ್ಲೈವುಡ್ ಹಾಳೆಯನ್ನು ಹಾಗೆಯೇ ಮೇಜಾಗಿಸುತ್ತಾರೆ. ಹಾಳೆ ಸಿಗುವ ಅಳತೆ ಅದು, ಅದಕ್ಕೇ ಅದು ಲೇಔಟಿನ ಅಳತೆಯೂ ಆಗಿಬಿಡುತ್ತದೆ. ಈಗ ನಡೆದಾಡುವ ಜಾಗ ಸೇರಿಸಿ ನೋಡಿ. 1.2 ಮೀಟರ್ ಅಗಲಕ್ಕೆ ಒಂದು ಕಡೆಯಿಂದ ಕೈ ಎಟುಕದು, ಹಾಗಾಗಿ ಸುತ್ತಲೂ 60 ಸೆಂ.ಮೀ. ಬಿಡಬೇಕು. ಒಟ್ಟು 2.4 x 3.6 ಮೀಟರ್ ನೆಲ ಹೋಯಿತು. ಸಿಗುವ ಸುತ್ತು ಐದೂವರೆ ಮೀಟರ್ ಆಸುಪಾಸು, ತಿರುವಿನ ತ್ರಿಜ್ಯ ಅರ್ಧ ಮೀಟರ್.

ಅದೇ 2.4 x 3.6 ಮೀಟರ್ ನೆಲದಲ್ಲಿ ನಡುವೆ ನೀವು ನಿಂತು, ಗೋಡೆಗುಂಟ 40 ಸೆಂ.ಮೀ. ಅಗಲದ ಶೆಲ್ಫ್ ಕೊಟ್ಟರೆ ಸುತ್ತು ಸುಮಾರು 9 ಮೀಟರ್ ಆಗುತ್ತದೆ, ಮೂಲೆಗಳಲ್ಲಿ 70 ಸೆಂ.ಮೀ. ತ್ರಿಜ್ಯ ಸಿಗುತ್ತದೆ. ಬಾಗಿಲಿನ ಎದುರು ಎತ್ತಿಡುವ ತುಂಡೊಂದು ಬೇಕಾಗುತ್ತದೆ, ಅದು ನಿಜ. ಆದರೂ ಗೋಡೆಗುಂಟದ ಯೋಜನೆಯೇ ನನ್ನ ಮೊದಲ ಆಯ್ಕೆ. ಸುತ್ತು ಬೇಡವಾದರೆ ಒಂದು ಗೋಡೆ ಅಥವಾ ಎಲ್ ಆಕಾರದ ಎರಡು ಗೋಡೆ ಸಾಕು. ಬಾಗಿಲಿನ ತೊಡಕೂ ಇಲ್ಲ.

ಹಂತ 4: ತಿರುವು, ಪಾಯಿಂಟ್, ಏರು

ತಿರುವಿಗೆ ಒಂದು ಸರಳ ನಿಯಮ ಚಾಲ್ತಿಯಲ್ಲಿದೆ: ತ್ರಿಜ್ಯ ನಿಮ್ಮ ಅತಿ ಉದ್ದದ ಬೋಗಿಯ ಮೂರು ಪಟ್ಟಾದರೂ ಇರಲಿ. ಎಚ್‌ಒದಲ್ಲಿ 140 ಮಿ.ಮೀ. ಉದ್ದದ ಹಳೆಯ ಕಾಲದ ಮುಚ್ಚಿದ ವ್ಯಾಗನ್‌ಗೆ 420 ಮಿ.ಮೀ. ಸಾಕು, 457 ಮಿ.ಮೀ. ತ್ರಿಜ್ಯದ ರೆಡಿಮೇಡ್ ತಿರುವಿನಲ್ಲಿ ಅದು ನೆಮ್ಮದಿಯಾಗಿ ಓಡುತ್ತದೆ. 26 ಮೀಟರ್ ಉದ್ದದ ಆಧುನಿಕ ಪ್ರಯಾಣಿಕ ಬೋಗಿ ಎಚ್‌ಒದಲ್ಲಿ ಸುಮಾರು 300 ಮಿ.ಮೀ.; ಅದಕ್ಕೆ 900 ಮಿ.ಮೀ. ತ್ರಿಜ್ಯ ಬೇಕು. ಎರಡು ಪಟ್ಟಿಗೆ ಇಳಿಸಿದರೂ ಕೆಲವು ಬೋಗಿಗಳು ತಿರುಗಿಯಾವು, ಆದರೆ ನಡುಭಾಗ ಹಳಿಯಿಂದ ಒಳಕ್ಕೆ ಜೋತು, ಕಪ್ಲರ್ ಎಳೆದು, ಹಿಮ್ಮುಖವಾಗಿ ತಳ್ಳುವಾಗ ಹಳಿ ತಪ್ಪುತ್ತದೆ. ಚಿಕ್ಕ ಲೇಔಟ್‌ಗೆ ಚಿಕ್ಕ ಬೋಗಿಗಳ ಕಾಲಘಟ್ಟ ಆರಿಸಿಕೊಳ್ಳಿ ಎನ್ನುವುದು ಇದಕ್ಕೇ.

ಎಡಕ್ಕೆ ತಿರುಗಿ ತಕ್ಷಣ ಬಲಕ್ಕೆ ತಿರುಗುವ ಎಸ್ ತಿರುವು ಇನ್ನೊಂದು ಕಾಟ. ನಡುವೆ ಅತಿ ಉದ್ದದ ಬೋಗಿಯಷ್ಟಾದರೂ ನೇರ ಹಳಿ ಇರಲಿ.

ಪಾಯಿಂಟ್‌ಗಳ ವಿಷಯದಲ್ಲಿ ಎರಡು ವಿಚಾರ ನೋಡಬೇಕು: ಉದ್ದ ಮತ್ತು ಫ್ರಾಗ್. ಪೀಕೊ ಕಂಪನಿಯ ಸ್ಟ್ರೀಮ್‌ಲೈನ್ ಸಾಲಿನ ಎಚ್‌ಒ/ಒಒ ಚಿಕ್ಕ ಪಾಯಿಂಟ್ 185 ಮಿ.ಮೀ. ಉದ್ದ, ಮಧ್ಯಮದ್ದು 219, ದೊಡ್ಡದು 258. ಚಿಕ್ಕ ಬೋಗಿ, ಚಿಕ್ಕ ಎಂಜಿನ್ ಇದ್ದರೆ ಚಿಕ್ಕದರಲ್ಲೇ ಕೆಲಸ ನಡೆಯುತ್ತದೆ. ಫ್ರಾಗ್ ಅಂದರೆ ಎರಡು ಹಳಿಗಳು ಒಂದನ್ನೊಂದು ಕತ್ತರಿಸುವ ವಿ ಆಕಾರದ ಭಾಗ. ಕೆಲವು ಪಾಯಿಂಟ್‌ಗಳಲ್ಲಿ ಅದು ಪ್ಲಾಸ್ಟಿಕ್, ವಿದ್ಯುತ್ ಇಲ್ಲ. ನಾಲ್ಕೇ ಚಕ್ರದ ಚಿಕ್ಕ ಶಂಟಿಂಗ್ ಎಂಜಿನ್ ನಿಧಾನವಾಗಿ ಅದರ ಮೇಲೆ ಬಂದಾಗ ಒಂದು ಚಕ್ರ ಪ್ಲಾಸ್ಟಿಕ್ ಮೇಲೆ, ಅದೇ ಬದಿಯ ಇನ್ನೊಂದು ಚಕ್ರ ಹಳಿಯ ಸಣ್ಣ ಧೂಳಿನ ಮೇಲೆ ಕೂತು, ಅಲ್ಲಿಯೇ ನಿಂತುಬಿಡುತ್ತದೆ. ಲೋಹದ ಫ್ರಾಗ್ ಇರುವ ಪಾಯಿಂಟ್ ಕೊಂಡು, ಪಾಯಿಂಟ್ ಬದಲಾದಂತೆ ಫ್ರಾಗಿನ ವಿದ್ಯುತ್ತನ್ನೂ ಬದಲಿಸುವ ಮೈಕ್ರೋಸ್ವಿಚ್ ಕೆಳಗೆ ಜೋಡಿಸಿ. ಇದರಲ್ಲಿ ಮಾತ್ರ ರಾಜಿ ಬೇಡ.

ಏರು ಇಳಿತವನ್ನು ಚಿಕ್ಕ ಲೇಔಟಿನಲ್ಲಿ ಬಿಟ್ಟುಬಿಡುವುದೇ ಮೇಲು. ಎಚ್‌ಒದಲ್ಲಿ ಒಂದು ಹಳಿ ಇನ್ನೊಂದರ ಮೇಲೆ ದಾಟಲು ಸೇತುವೆಯ ದಪ್ಪ ಸೇರಿ ಸುಮಾರು 90 ಮಿ.ಮೀ. ಎತ್ತರ ಬೇಕು. ನೂರಕ್ಕೆ ಎರಡರ ಏರಿಗೆ ನಾಲ್ಕೂವರೆ ಮೀಟರ್ ಹಳಿ, ಇಳಿಯಲು ಮತ್ತೆ ಅಷ್ಟೇ. ನೂರಕ್ಕೆ ನಾಲ್ಕು ಎಂದರೆ ಅಳತೆ ಅರ್ಧವಾಗುತ್ತದೆ, ಆದರೆ ಎಂಜಿನ್ ಎಳೆಯುವ ವ್ಯಾಗನ್‌ಗಳೂ ಬಹಳ ಕಡಿಮೆಯಾಗುತ್ತವೆ. ಎತ್ತರದ ನೋಟ ಬೇಕಾದರೆ ಹಳಿಯನ್ನು ಸಮತಟ್ಟಾಗಿಟ್ಟು ಸುತ್ತಲಿನ ನೆಲವನ್ನು ಏರಿಳಿಸಿ. ಹಳಿಯ ಕೆಳಗೊಂದು ಹಳ್ಳ ಬಂದರೂ ಸೇತುವೆಗೆ ನೆಪ ಸಿಕ್ಕಿತು.

ಹಂತ 5: ಒಂದು ನಕ್ಷೆಯನ್ನು ಪೂರ್ತಿ ಲೆಕ್ಕ ಹಾಕೋಣ

ಮೊದಲ ಲೇಔಟ್‌ಗೆ ನಾನು ಸೂಚಿಸುವುದು ಬ್ರಿಟನ್ನಿನ ಆಲನ್ ರೈಟ್ ಅವರ ಇಂಗಲ್‌ನುಕ್ ಸೈಡಿಂಗ್ಸ್ ನಕ್ಷೆ. ಎರಡೇ ಪಾಯಿಂಟ್, ಮೂರು ಸೈಡಿಂಗ್, ಅಂದರೆ ವ್ಯಾಗನ್ ನಿಲ್ಲಿಸುವ ಕವಲು ಹಳಿಗಳು. ಒಂದರಲ್ಲಿ ಐದು ವ್ಯಾಗನ್ ಹಿಡಿಯುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ ಹಿಂದೆ ಮುಂದೆ ಆಡುವ ತಲೆಗೆರೆಯಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್ ಹಿಡಿಯಬೇಕು. ಲೇಔಟ್ ಮೇಲೆ ಒಟ್ಟು ಎಂಟು ವ್ಯಾಗನ್. ಎಂಟು ಚೀಟಿಗಳಲ್ಲಿ ಐದನ್ನು ಎತ್ತಿ, ಬಂದ ಕ್ರಮದಲ್ಲೇ ಐದು ವ್ಯಾಗನ್‌ಗಳ ಗಾಡಿ ಕಟ್ಟುವುದು ಆಟ. 8 x 7 x 6 x 5 x 4, ಅಂದರೆ 6720 ಬಗೆಯ ಗಾಡಿಗಳು. ಎರಡು ಪಾಯಿಂಟಿನಲ್ಲಿ ಇಷ್ಟು ಆಟ ಕೊಡುವ ನಕ್ಷೆ ಇನ್ನೊಂದು ನನಗೆ ಗೊತ್ತಿಲ್ಲ. ಅಮೆರಿಕದ ಜಾನ್ ಆ್ಯಲನ್ 1972ರಲ್ಲಿ ಪ್ರಕಟಿಸಿದ ಟೈಮ್‌ಸೇವರ್ ಕೂಡ ಪ್ರಸಿದ್ಧ ಶಂಟಿಂಗ್ ಒಗಟು, ಆದರೆ ಅದಕ್ಕೆ ಪಾಯಿಂಟ್ ಹೆಚ್ಚು, ಬಿಗಿತವೂ ಹೆಚ್ಚು. ಅದು ಎರಡನೆಯ ಲೇಔಟ್‌ಗೆ ಇರಲಿ.

ಎಚ್‌ಒ ಅಳತೆ ಹೀಗೆ. ಕಪ್ಲರ್ ಸೇರಿ ಒಂದು ವ್ಯಾಗನ್ 150 ಮಿ.ಮೀ., ಎಂಜಿನ್ 180 ಎಂದಿಟ್ಟುಕೊಳ್ಳಿ. ತಲೆಗೆರೆ: 180 + 450 = 630. ಮೊದಲ ಪಾಯಿಂಟ್ 185. ಅದರಾಚೆ ಐದು ವ್ಯಾಗನ್‌ಗಳ ಸೈಡಿಂಗ್ 750. ಇಲ್ಲಿಗೆ 1565. ಪಾಯಿಂಟ್ ದಾಟಿದ ಕೂಡಲೇ ಪಕ್ಕದ ಹಳಿಗಳು ತೀರಾ ಹತ್ತಿರವಿರುವುದರಿಂದ ಅಲ್ಲಿ ವ್ಯಾಗನ್ ನಿಲ್ಲಿಸಿದರೆ ಪಕ್ಕದ ಗಾಡಿಗೆ ತಾಗುತ್ತದೆ; ಆ ಭಾಗಕ್ಕೆ 120ರಷ್ಟು ಬಿಡಿ. ಹಳಿಯ ತುದಿಯಲ್ಲಿ ಗಾಡಿಯನ್ನು ತಡೆಯುವ ಬಫರ್‌ಗಳಿಗೆ 50. ಒಟ್ಟು ಸುಮಾರು 1.75 ಮೀಟರ್. ಎರಡನೆಯ ಪಾಯಿಂಟ್ ಮೊದಲನೆಯದರ ಕವಲಿಗೆ ಸೇರಿ, ಅದರಾಚೆ ಮೂರು ಮೂರು ವ್ಯಾಗನ್‌ಗಳ ಎರಡು ಸೈಡಿಂಗ್ ಹೋಗುತ್ತವೆ: 630 + 185 + 185 + 450 = 1450, ಮೇಲೆ ಅದೇ ತೆರಪು. ಅದೂ ಇಷ್ಟರೊಳಗೇ ಕೂರುತ್ತದೆ. ಎನ್ ಸ್ಕೇಲಿನಲ್ಲಿ ಇಡೀ ಲೇಔಟ್ ಒಂದು ಮೀಟರ್ ಆಸುಪಾಸು.

ಗಂಟೆಗೆ 10 ಕಿ.ಮೀ. ಅನುಪಾತದ ವೇಗದಲ್ಲಿ ಈ ಹಲಗೆಯ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು ಸುಮಾರು 55 ಸೆಕೆಂಡ್. ಪ್ರತಿ ಗಾಡಿಗೆ ಇಂಥ ಹಲವು ಓಡಾಟ ಬೇಕು. ಹಲಗೆ ಚಿಕ್ಕದಾದರೂ ಸಂಜೆಯೆಲ್ಲ ಆಡಿಸಬಹುದು.

ಹಂತ 6: ಕೊಳ್ಳುವ ಮೊದಲು ನೆಲದ ಮೇಲೆ ಹಾಸಿ ನೋಡಿ

ಎನಿರೈಲ್, ಸ್ಕಾರ್ಮ್, ಮುಕ್ತ ತಂತ್ರಾಂಶವಾದ ಎಕ್ಸ್‌ಟ್ರ್ಯಾಕ್‌ಕ್ಯಾಡ್ ಇಂಥವುಗಳಲ್ಲಿ ನಕ್ಷೆ ಬರೆಯಬಹುದು. ಇವುಗಳ ದೊಡ್ಡ ಉಪಕಾರವೆಂದರೆ ಸುಳ್ಳು ಹೇಳಲು ಬಿಡುವುದಿಲ್ಲ. ಪೆನ್ಸಿಲ್ಲಿನಲ್ಲಿ ಬರೆದಾಗ ಪಾಯಿಂಟ್ ಅರ್ಧ ಉದ್ದಕ್ಕೆ ಕುಗ್ಗಿಬಿಡುತ್ತದೆ, ಜಾಗವೆಲ್ಲ ಹಿಗ್ಗುತ್ತದೆ.

ಆದರೂ ಪರದೆಯ ಮೇಲಿನ ನಕ್ಷೆ ಸಾಲದು. ಪೂರ್ತಿ ಅಳತೆಯಲ್ಲಿ ಮುದ್ರಿಸಿ, ಹಾಳೆಗಳನ್ನು ಅಂಟಿಸಿ ನೆಲದ ಮೇಲೆ ಹಾಸಿ. ವ್ಯಾಗನ್‌ಗಳ ಅಳತೆಗೆ ರಟ್ಟಿನ ತುಂಡು ಕತ್ತರಿಸಿ, ಅವನ್ನೇ ಸರಿಸುತ್ತ ಒಂದೆರಡು ಗಾಡಿ ಕಟ್ಟಿ ನೋಡಿ. ತಲೆಗೆರೆ ಎರಡು ಬೆರಳು ಕಡಿಮೆಯಾದರೂ ಇಲ್ಲಿ ಗೊತ್ತಾಗುತ್ತದೆ. ಕಟ್ಟಡಗಳ ಜಾಗದಲ್ಲಿ ಖಾಲಿ ಡಬ್ಬಿ ಇಟ್ಟು ನೋಡಿದರೆ, ಮುಂಭಾಗದ ಎತ್ತರದ ಕಟ್ಟಡ ಕಪ್ಲರ್ ಬಿಡಿಸುವ ಕೈಗೆ ಅಡ್ಡ ಬರುವುದೂ ತಿಳಿಯುತ್ತದೆ.

ಹಂತ 7: ಡಿಸಿಯೋ, ಡಿಸಿಸಿಯೋ

ಹಳೆಯ ಡಿಸಿ ಪದ್ಧತಿಯಲ್ಲಿ ನೀವು ನಡೆಸುವುದು ಹಳಿಯನ್ನು. ವೋಲ್ಟೇಜ್ ಏರಿಸಿದರೆ ಹಳಿಯ ಮೇಲಿರುವುದೆಲ್ಲ ಓಡುತ್ತದೆ, ಧ್ರುವ ಬದಲಿಸಿದರೆ ಹಿಮ್ಮುಖ. ಎರಡು ಎಂಜಿನ್ ಬೇರೆ ಬೇರೆಯಾಗಿ ಓಡಬೇಕಾದರೆ ಹಳಿಯನ್ನು ತುಂಡುಗಳಾಗಿ ಬೇರ್ಪಡಿಸಿ, ಪ್ರತಿಯೊಂದಕ್ಕೂ ಸ್ವಿಚ್ ಕೊಡಬೇಕು. ಡಿಸಿಸಿಯಲ್ಲಿ ನೀವು ನಡೆಸುವುದು ಎಂಜಿನ್ನನ್ನು. ಹಳಿಗೆ ಸದಾ ಪೂರ್ಣ ವೋಲ್ಟೇಜ್ ಇರುತ್ತದೆ, ಎಚ್‌ಒಗೆ ಸಾಮಾನ್ಯವಾಗಿ 14-15 ವೋಲ್ಟ್, ಎನ್‌ಗೆ 12-13. ಆ ವಿದ್ಯುತ್ತೇ ಕ್ಷಣಕ್ಷಣಕ್ಕೂ ಧ್ರುವ ಬದಲಿಸುತ್ತ ಸಂದೇಶವನ್ನೂ ಹೊತ್ತೊಯ್ಯುತ್ತದೆ: ಅಲೆಯ ಅರ್ಧಭಾಗ 58 ಮೈಕ್ರೋಸೆಕೆಂಡ್ ಇದ್ದರೆ ಅದು 'ಒಂದು', 100 ಇದ್ದರೆ 'ಸೊನ್ನೆ'. ಎಂಜಿನ್ ಒಳಗಿನ ಡಿಕೋಡರ್ ತನ್ನ ವಿಳಾಸಕ್ಕೆ ಬಂದ ಆದೇಶವನ್ನು ಮಾತ್ರ ಪಾಲಿಸುತ್ತದೆ. ಜರ್ಮನಿಯ ಲೆಂಜ್ ಕಂಪನಿಯ ವಿನ್ಯಾಸವನ್ನು ಆಧರಿಸಿ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ 1990ರ ದಶಕದಲ್ಲಿ ಇದನ್ನು ಮಾನಕವಾಗಿಸಿತು.

ಒಂದೇ ಎಂಜಿನ್‌ನ ಇಂಗಲ್‌ನುಕ್‌ಗೆ ಡಿಸಿಸಿ ಬೇಕೇ ಎಂದರೆ, ಓಡಿಸಲು ಬೇಕಿಲ್ಲ. ಆದರೂ ನಾನು ಡಿಸಿಸಿಯನ್ನೇ ಹೇಳುತ್ತೇನೆ, ಕಾರಣ ಮತ್ತೆ ಅದೇ ನಿಧಾನ. ಒಳ್ಳೆಯ ಡಿಕೋಡರ್ ಮೋಟಾರ್ ಹಿಂದಕ್ಕೆ ಹುಟ್ಟಿಸುವ ವೋಲ್ಟೇಜನ್ನು ಅಳೆದು, ಎಂಜಿನ್ ಎಲ್ಲಿ ತಡೆಯುತ್ತದೋ ಅಲ್ಲಿ ತುಸು ಹೆಚ್ಚು ಬಲ ಕೊಡುತ್ತದೆ. 128 ಹಂತಗಳ ವೇಗದಲ್ಲಿ ಮೊದಲನೆಯ ಹಂತಕ್ಕೇ ಎಂಜಿನ್ ತೆವಳತೊಡಗುತ್ತದೆ. ದೀಪ, ಸದ್ದು ಎಂಜಿನ್ ನಿಂತಾಗಲೂ ಇರುತ್ತವೆ.

ಒಂದು ಎಚ್ಚರಿಕೆ: ಮಾರ್ಕ್ಲಿನ್‌ನ ಎಚ್‌ಒ ಗಾಡಿಗಳು ನಡುವೆ ಮೂರನೆಯ ಸಂಪರ್ಕವಿರುವ ಹಳಿಯ ಮೇಲೆ ಓಡುವಂಥವು. ಎರಡು ಹಳಿಯ ಲೇಔಟ್‌ಗೆ ಅವು ಹಾಗೇ ಹೊಂದುವುದಿಲ್ಲ.

ಹಂತ 8: ಸಿಸ್ಟಮ್ ಆರಿಸುವುದು

ಇಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿ ಇದು: ಹಳಿಯಿಂದ ಡಿಕೋಡರ್‌ವರೆಗಿನ ಭಾಷೆ ಎಲ್ಲರಿಗೂ ಒಂದೇ, ವೇಗ ನಿಯಂತ್ರಿಸಲು ಕೈಯಲ್ಲಿ ಹಿಡಿಯುವ ಥ್ರಾಟಲ್‌ನಿಂದ ಹಳಿಗೆ ಸಂದೇಶ ಕಳಿಸುವ ಪೆಟ್ಟಿಗೆಯಾದ ಕಮಾಂಡ್ ಸ್ಟೇಷನ್‌ವರೆಗಿನ ಭಾಷೆ ಒಬ್ಬೊಬ್ಬರದು ಒಂದೊಂದು. ಡಿಜಿಟ್ರ್ಯಾಕ್ಸ್‌ನದು ಲೋಕೋನೆಟ್, ಲೆಂಜ್‌ನದು ಎಕ್ಸ್‌ಪ್ರೆಸ್‌ನೆಟ್, ಎನ್‌ಸಿಇದು ಕ್ಯಾಬ್ ಬಸ್. ಡಿಕೋಡರ್ ಯಾವ ಕಂಪನಿಯದಾದರೂ ನಡೆಯುತ್ತದೆ, ಥ್ರಾಟಲ್ ಹಾಗಲ್ಲ. ಹಾಗಾಗಿ ಸಿಸ್ಟಮ್ ಆರಿಸುವುದೆಂದರೆ ನಿಜದಲ್ಲಿ ಥ್ರಾಟಲ್ ಆರಿಸುವುದು.

ಸಾಧ್ಯವಾದರೆ ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ. ಶಂಟಿಂಗ್‌ನಲ್ಲಿ ಕಣ್ಣು ಕಪ್ಲರ್ ಮೇಲಿರುತ್ತದೆ, ಥ್ರಾಟಲ್ ಮೇಲಲ್ಲ. ನೋಡದೆಯೇ ಬೆರಳಿಗೆ ಸಿಗುವ ತಿರುಗುಗುಂಡಿ ಇದ್ದರೆ ಎಂಜಿನ್ನನ್ನು ಕೂದಲೆಳೆಯಷ್ಟು ಸರಿಸಬಹುದು. ಫೋನಿನ ಪರದೆಯ ಮೇಲೆ ಅದು ಕಷ್ಟ, ಏಕೆಂದರೆ ಬೆರಳು ಎಲ್ಲಿದೆ ಎಂದು ನೋಡಲೇಬೇಕು. ಫೋನ್ ಎರಡನೆಯ ಥ್ರಾಟಲ್ ಆಗಿ, ಅತಿಥಿಗಳ ಕೈಗೆ ಕೊಡಲು ಬಹಳ ಚೆನ್ನ.

ಎನ್‌ಸಿಇ ಪವರ್ ಕ್ಯಾಬ್‌ನಲ್ಲಿ ಇಡೀ ಕಮಾಂಡ್ ಸ್ಟೇಷನ್ ಕೈಯಲ್ಲಿ ಹಿಡಿಯುವ ಥ್ರಾಟಲ್ ಒಳಗೇ ಇದೆ. ಒಂದು ಗೋಡೆಯ ಲೇಔಟ್‌ಗೆ ಇದು ಅಚ್ಚುಕಟ್ಟು. ಡಿಜಿಟ್ರ್ಯಾಕ್ಸ್ ಜೆಫಿರ್ ಮೇಜಿನ ಮೇಲೆ ಕೂರುವ ಪೆಟ್ಟಿಗೆ. ಒಂದೇ ಕಡೆ ಕೂತು ಆಡಿಸುವವರಿಗೆ ಅನುಕೂಲ. ರೋಕೊ ಕಂಪನಿಯ ಜೆಡ್21 ಫೋನ್, ಟ್ಯಾಬ್ಲೆಟ್‌ಗಳನ್ನೇ ಮುಂದಿಟ್ಟುಕೊಂಡು ರೂಪಿಸಿದ್ದು, ಮಲ್ಟಿಮೌಸ್ ಎಂಬ ಕೈಥ್ರಾಟಲ್ ಕೂಡ ಜೋಡಿಸಬಹುದು. ಎಲೆಕ್ಟ್ರಾನಿಕ್ಸ್‌ನಲ್ಲಿ ಕೈಯಾಡಿಸುವ ಉತ್ಸಾಹ ಇದ್ದರೆ ಡಿಸಿಸಿ-ಇಎಕ್ಸ್ ನೋಡಿ: ಆರ್ಡುಯಿನೊ ಮೆಗಾ ಬೋರ್ಡ್, ಮೋಟಾರ್ ಶೀಲ್ಡ್, ಮುಕ್ತ ತಂತ್ರಾಂಶ, ಜೊತೆಗೊಂದು ಪವರ್ ಸಪ್ಲೈ. ಶೀಲ್ಡಿಗೆ ಕೊಡುವ ವೋಲ್ಟೇಜೇ ಬಹುಮಟ್ಟಿಗೆ ಹಳಿಯ ವೋಲ್ಟೇಜ್ ಆಗುವುದರಿಂದ ಸಪ್ಲೈಯನ್ನು ಸ್ಕೇಲಿಗೆ ತಕ್ಕಂತೆ ಆರಿಸಬೇಕು. ಕಲಿಯುವುದು ಬಹಳ ಸಿಗುತ್ತದೆ, ತಾಳ್ಮೆಯೂ ಬೇಕು.

ಆಂಪಿಯರ್ ಲೆಕ್ಕ ಸರಳ. ಇಂದಿನ ಎಚ್‌ಒ ಎಂಜಿನ್ ಸದ್ದು ಸೇರಿ ಅರ್ಧ ಆಂಪಿಯರ್ ಒಳಗೇ ಓಡುವುದು ಸಾಮಾನ್ಯ, ಎನ್ ಇನ್ನೂ ಕಡಿಮೆ. 2 ಆಂಪಿಯರ್ ಸಿಸ್ಟಮ್ ಮೂರು ನಾಲ್ಕು ಎಂಜಿನ್ ಚಲಿಸುವ ಚಿಕ್ಕ ಲೇಔಟ್‌ಗೆ ಸಾಕು. 5 ಆಂಪಿಯರ್ ಇದ್ದರೆ ಲಾಭ ಎಂದುಕೊಳ್ಳಬೇಡಿ. ಶಾರ್ಟ್ ಆದಾಗ ಅಷ್ಟೂ ಕರೆಂಟ್ ಒಂದು ಸಣ್ಣ ಚಕ್ರದ ಮೂಲಕ ಹರಿದು ಪ್ಲಾಸ್ಟಿಕ್ ಕರಗಿಸಬಲ್ಲದು. ಉಳಿಯುವ ಹಣವನ್ನು ಒಳ್ಳೆಯ ಡಿಕೋಡರ್‌ಗೆ ಹಾಕಿ. ಕಂಪ್ಯೂಟರ್ ಜೋಡಿಸುವ ಪೋರ್ಟ್ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ, ಜೆಎಂಆರ್‌ಐ ಎಂಬ ಮುಕ್ತ ತಂತ್ರಾಂಶ ಮುಂದೆ ತುಂಬ ಉಪಯೋಗಕ್ಕೆ ಬರುತ್ತದೆ.

ಹಂತ 9: ಡಿಕೋಡರ್ ಕೂರಿಸುವುದು

ಹೊಸ ಎಂಜಿನ್ ಪೆಟ್ಟಿಗೆಯ ಮೇಲೆ 'ಡಿಸಿಸಿ ರೆಡಿ' ಎಂದಿದ್ದರೆ ಒಳಗೆ ಸಾಕೆಟ್ ಇದೆ, ಡಿಕೋಡರ್ ಇಲ್ಲ ಎಂದರ್ಥ. 8 ಪಿನ್, 21 ಪಿನ್, ಪ್ಲಕ್ಸ್22, ಚಿಕ್ಕ ಎಂಜಿನ್‌ಗಳಲ್ಲಿ 6 ಪಿನ್ ಅಥವಾ ನೆಕ್ಸ್ಟ್18, ಹೀಗೆ ಯಾವುದೆಂದು ನೋಡಿ ಅದಕ್ಕೆ ಹೊಂದುವುದನ್ನೇ ಕೊಳ್ಳಿ. ಕೂರಿಸುವ ಮೊದಲು ಡಿಸಿಯಲ್ಲಿ ಓಡಿಸಿ. ಅಲ್ಲಿ ಕುಂಟುವ ಎಂಜಿನ್ ಡಿಸಿಸಿಯಲ್ಲೂ ಕುಂಟುತ್ತದೆ.

ಸಾಕೆಟ್ ಇಲ್ಲದ ಹಳೆಯ ಎಂಜಿನ್‌ಗಳಲ್ಲಿ ಮೋಟಾರಿನ ಒಂದು ಬ್ರಶ್ (ಮೋಟಾರಿನೊಳಕ್ಕೆ ವಿದ್ಯುತ್ ಒಯ್ಯುವ ತುಂಡು) ನೇರವಾಗಿ ಲೋಹದ ಚಾಸಿಗೆ ತಾಗಿರುವುದುಂಟು. ಮೋಟಾರಿನ ಎರಡೂ ಬ್ರಶ್‌ಗಳು ಹಳಿಯಿಂದಲೂ ಚಾಸಿಯಿಂದಲೂ ಪೂರ್ತಿ ಬೇರ್ಪಡಬೇಕು. ಮಲ್ಟಿಮೀಟರ್‌ನಿಂದ ಬ್ರಶ್ಶಿಗೂ ಪ್ರತಿ ಬದಿಯ ಚಕ್ರಕ್ಕೂ ನಡುವೆ ಪರೀಕ್ಷಿಸಿ. ಸಂಪರ್ಕ ತೋರಿಸಿದರೆ ಡಿಕೋಡರ್ ಹಾಕಬೇಡಿ, ಕರೆಂಟ್ ಕೊಟ್ಟ ಗಳಿಗೆಯಲ್ಲೇ ಸುಟ್ಟುಹೋಗುತ್ತದೆ. ಜಾಗವಿದ್ದರೆ ಕೀಪ್ ಅಲೈವ್ ಕೆಪಾಸಿಟರ್ ಜೋಡಿಸಿ. ಹಳಿಯ ಧೂಳಿನ ಮೇಲೆ ಸಂಪರ್ಕ ಕ್ಷಣಕಾಲ ತಪ್ಪಿದರೂ ಎಂಜಿನ್ ನಿಲ್ಲುವುದಿಲ್ಲ.

ಹಂತ 10: ವೈರಿಂಗ್

'ಡಿಸಿಸಿಗೆ ಎರಡೇ ವೈರ್ ಸಾಕು' ಎಂಬ ಮಾತನ್ನು ನಂಬಬೇಡಿ. ಹಳಿಯ ನಿಕಲ್ ಸಿಲ್ವರ್ ತಾಮ್ರದಷ್ಟು ಒಳ್ಳೆಯ ವಾಹಕವಲ್ಲ, ತುಂಡುಗಳನ್ನು ಕೂಡಿಸುವ ಜಾಯ್ನರ್‌ಗಳು ಕಾಲಕ್ರಮೇಣ ಸಡಿಲವಾಗುತ್ತವೆ. ಹಲಗೆಯ ಕೆಳಗೆ ಉದ್ದಕ್ಕೂ ಎರಡು ಬಣ್ಣದ 1.5 ಚದರ ಮಿ.ಮೀ. ತಾಮ್ರದ ವೈರ್ ಎಳೆಯಿರಿ, ಇದು ಬಸ್. ಪ್ರತಿ ಹಳಿ ತುಂಡಿನಿಂದಲೂ ಒಂದು ತೆಳು ವೈರ್, ಫೀಡರ್, ಇಳಿದು ತನ್ನ ಬಣ್ಣದ ಬಸ್‌ಗೆ ಬೆಸುಗೆಯಾಗಲಿ. ಫೀಡರ್ ಹಾಕಿದ ಪ್ರತಿ ಸಲವೂ ಎರಡು ಹಳಿಗಳ ನಡುವೆ ಮಲ್ಟಿಮೀಟರ್ ಹಿಡಿದು ಶಾರ್ಟ್ ಇಲ್ಲವೆಂದು ನೋಡಿ ಮುಂದೆ ಹೋಗಿ. ಎಲ್ಲ ಮುಗಿದ ಮೇಲೆ ಹುಡುಕುವುದು ದೊಡ್ಡ ಕೆಲಸ.

ಆಮೇಲೆ ನಾಣ್ಯದ ಪರೀಕ್ಷೆ. ಸಿಸ್ಟಮ್ ಆನ್ ಮಾಡಿ, ಎಂಜಿನ್‌ಗಳನ್ನೆಲ್ಲ ತೆಗೆದು, ಒಂದು ನಾಣ್ಯವನ್ನು ಎರಡು ಹಳಿಗಳ ಮೇಲೆ ಅಡ್ಡ ಇಡಿ. ತಕ್ಷಣ ಟ್ರಿಪ್ ಆಗಬೇಕು. ಪ್ರತಿ ಸೈಡಿಂಗ್ ತುದಿಯಲ್ಲಿ, ಪ್ರತಿ ಪಾಯಿಂಟ್ ಆಚೆಗೆ ಹೀಗೆ ಮಾಡಿ. ಎಲ್ಲಿ ಟ್ರಿಪ್ ಆಗುವುದಿಲ್ಲವೋ ಅಲ್ಲಿ ವೈರಿಂಗ್ ದುರ್ಬಲ. ನಿಜವಾದ ಶಾರ್ಟ್ ಆದರೆ ಆ ಜಾಗ ಬಿಸಿಯೇರುತ್ತ ಕೂರುತ್ತದೆ. ನಾಣ್ಯವನ್ನು ಹೆಚ್ಚು ಹೊತ್ತು ಬಿಡಬೇಡಿ.

ಪಾಯಿಂಟ್‌ಗಳಿಗೆ ಮೋಟಾರ್ ಬೇಕೇ? ಕೈಗೆಟುಕುವ ಶೆಲ್ಫ್ ಮೇಲೆ ಬೇಡ, ಬೆರಳಿನಿಂದಲೋ ಕಡ್ಡಿಯಿಂದಲೋ ಸರಿಸುವುದೇ ಚೆಂದ. ಡಿಸಿಸಿಯಿಂದಲೇ ಪಾಯಿಂಟ್ ಬದಲಿಸುವ ಆಸೆಯಿದ್ದರೆ ಅವುಗಳ ಡಿಕೋಡರ್‌ಗೆ ಶಾರ್ಟ್‌ನಿಂದ ಪ್ರತ್ಯೇಕವಾಗಿ ಕಾಪಾಡಿದ ಬೇರೆ ವೈರ್ ಸಾಲು ಕೊಡಿ. ಇಲ್ಲದಿದ್ದರೆ ತಪ್ಪು ದಿಕ್ಕಿಗಿರುವ ಪಾಯಿಂಟ್‌ಗೆ ಎಂಜಿನ್ ನುಗ್ಗಿ ಶಾರ್ಟ್ ಆದಾಗ ಇಡೀ ಹಳಿಯ ಕರೆಂಟ್ ಹೋಗುತ್ತದೆ. ಆ ಪಾಯಿಂಟನ್ನು ಸರಿ ದಿಕ್ಕಿಗೆ ತಿರುಗಿಸಲೂ ಕರೆಂಟ್ ಇರುವುದಿಲ್ಲ.

ಗಾಡಿ ಸುತ್ತಿ ಬಂದು ತಾನು ಹೊರಟ ಹಳಿಗೇ ಎದುರುಮುಖವಾಗಿ ಸೇರುವ ಲೂಪ್ ಇದ್ದರೆ ಎರಡೂ ಹಳಿಗಳನ್ನು ಎರಡೂ ತುದಿಯಲ್ಲಿ ಕತ್ತರಿಸಿ, ಧ್ರುವವನ್ನು ತಾನಾಗಿಯೇ ಬದಲಿಸುವ ಆಟೋರಿವರ್ಸರ್ ಹಾಕಬೇಕು. ಆ ಭಾಗ ನಿಮ್ಮ ಅತಿ ಉದ್ದದ ಗಾಡಿಗಿಂತ ಉದ್ದವಿರಲಿ. ಮೊದಲ ಚಿಕ್ಕ ಲೇಔಟಿನಲ್ಲಿ ಇಂಥ ಲೂಪ್ ಬೇಡವೇ ಬೇಡ.

ಹಂತ 11: ಎಂಜಿನ್ನಿಗೆ ವಿಳಾಸ, ನಡತೆ

ಹೊಸ ಡಿಕೋಡರ್‌ನ ವಿಳಾಸ 3. ಎಂಜಿನ್ ಮೇಲೆ ಬರೆದಿರುವ ಸಂಖ್ಯೆಯನ್ನೇ ವಿಳಾಸ ಮಾಡಿದರೆ ನೆನಪಿನ ಗೊಡವೆ ಇಲ್ಲ. ಇಂದಿನ ಥ್ರಾಟಲ್‌ಗಳು ಇದನ್ನು ತಾವೇ ಬರೆಯುತ್ತವೆ, ಆದರೂ ಒಳಗಿನ ಲೆಕ್ಕ ತಿಳಿದಿದ್ದರೆ ಕೆಟ್ಟಾಗ ಸರಿಪಡಿಸಬಹುದು. ಎಂಜಿನ್ ಸಂಖ್ಯೆ 1234 ಎನ್ನೋಣ. ಅದನ್ನು 256ರಿಂದ ಭಾಗಿಸಿದರೆ ಭಾಗಲಬ್ಧ 4, ಶೇಷ 210. ಸಿವಿ ಎಂದರೆ ಡಿಕೋಡರ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ, ಸಂಖ್ಯೆ ಕೊಟ್ಟ ಖಾನೆ. ಸಿವಿ17ಕ್ಕೆ 192 + 4 = 196, ಸಿವಿ18ಕ್ಕೆ 210. ಉದ್ದ ವಿಳಾಸ ಬಳಸು ಎಂದು ಹೇಳುವುದು ಸಿವಿ29: 28/128 ಹಂತದ ವೇಗಕ್ಕೆ 2, ಡಿಸಿಯಲ್ಲೂ ಓಡಲು 4, ಉದ್ದ ವಿಳಾಸಕ್ಕೆ 32, ಒಟ್ಟು 38. ಲೇಔಟ್ ಪೂರ್ತಿ ಡಿಸಿಸಿ ಆಗಿದ್ದರೆ ಆ 4 ತೆಗೆದು 34 ಬರೆಯಿರಿ. ಎಂಜಿನ್ ಮುಂದೆ ಎಂದರೆ ಹಿಂದೆ ಹೋಗುತ್ತಿದ್ದರೆ 1 ಸೇರಿಸಿ.

ಇದನ್ನೆಲ್ಲ ಪ್ರತ್ಯೇಕ ಪ್ರೋಗ್ರಾಮಿಂಗ್ ಹಳಿಯ ಮೇಲೆ ಮಾಡಿ. ಅಲ್ಲಿ ಡಿಕೋಡರ್ ಮೋಟಾರನ್ನು ಕ್ಷಣಮಾತ್ರ ಮಿಡಿಸಿ ಉತ್ತರ ಕೊಡುತ್ತದೆ. ಎಂಜಿನ್ ಸಣ್ಣಗೆ ಅದುರಿದರೆ ಗಾಬರಿ ಬೇಡ. ಮುಖ್ಯ ಹಳಿಗೆ ಆ ವಿಧಾನದಲ್ಲಿ ವಿಳಾಸ ಬರೆದರೆ ಅದರ ಮೇಲಿರುವ ಎಲ್ಲ ಎಂಜಿನ್‌ಗಳ ವಿಳಾಸವೂ ಒಂದೇ ಆಗಿಬಿಡುತ್ತದೆ. ಎಲ್ಲ ಗೋಜಲಾದರೆ ಹೆಚ್ಚಿನ ಡಿಕೋಡರ್‌ಗಳಲ್ಲಿ ಸಿವಿ8ಕ್ಕೆ 8 ಬರೆದರೆ ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ, ವಿಳಾಸ ಮತ್ತೆ 3.

ಈಗ ನಡತೆ. ವೇಗದ ಹಂತ 1ರಲ್ಲಿ ಎಂಜಿನ್ ಅಲುಗದಿದ್ದರೆ ಸಿವಿ2ನ್ನು ಒಂದೊಂದಾಗಿ ಏರಿಸಿ, ಚಕ್ರ ತಿರುಗತೊಡಗಿದಲ್ಲಿ ನಿಲ್ಲಿಸಿ. ಸಿವಿ5 ಗರಿಷ್ಠ ವೇಗ. ಶಂಟಿಂಗ್ ಎಂಜಿನ್‌ಗೆ ಇದನ್ನು ಧಾರಾಳವಾಗಿ ಇಳಿಸಿ: ಥ್ರಾಟಲ್ ಪೂರ್ತಿ ತಿರುಗಿಸಿದರೂ ಒಂದು ಮೀಟರ್ ದಾಟಲು ಹತ್ತು ಸೆಕೆಂಡ್ ಹಿಡಿಯಲಿ, ಅದು ನಿಜದ 30 ಕಿ.ಮೀ. ವೇಗಕ್ಕೆ ಹತ್ತಿರ. ಗುಂಡಿಯ ಇಡೀ ಸುತ್ತು ಆಗ ನಿಧಾನದ ವೇಗಗಳಿಗೇ ಮೀಸಲಾಗುತ್ತದೆ, ಕೈಗೆ ಸಿಗುವ ಹಿಡಿತವೇ ಬೇರೆ. ಸಿವಿ3 ವೇಗ ಏರುವ ತಡ, ಸಿವಿ4 ಇಳಿಯುವ ತಡ. ಆರಂಭದಲ್ಲಿ ಎರಡನ್ನೂ ಕಡಿಮೆ ಇಡಿ. ಬ್ರೇಕಿನ ಅಂದಾಜು ಕೈಗೆ ಹತ್ತಿದ ಮೇಲೆ ಏರಿಸಿದರೆ ವ್ಯಾಗನ್‌ಗಳಿಗೆ ತೂಕ ಬಂದಂತೆ ಕಾಣುತ್ತದೆ. ತೃಪ್ತಿಯಾದ ಸಂಖ್ಯೆಗಳನ್ನು ಜೆಎಂಆರ್‌ಐನ ಡಿಕೋಡರ್‌ಪ್ರೋದಲ್ಲಿ ಉಳಿಸಿಕೊಳ್ಳಿ.

ಹಂತ 12: ಜಲ್ಲಿ ಹಾಕುವ ಮೊದಲು

ಹಳಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಕೀಪ್ ಅಲೈವ್ ಇಲ್ಲದ ನಿಮ್ಮ ಅತಿ ಚಿಕ್ಕ ಎಂಜಿನ್ನನ್ನು ವೇಗದ ಹಂತ 1ರಲ್ಲಿ ಬಿಡಿ. ಎಲ್ಲಿ ತಡವರಿಸುತ್ತದೋ ಅಲ್ಲಿ ಹಲಗೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಎರಡೂ ದಿಕ್ಕಿನಲ್ಲಿ, ಪಾಯಿಂಟಿನ ಎರಡೂ ಕವಲಿನಲ್ಲಿ ಓಡಿಸಿ. ನಂತರ ಎಲ್ಲ ವ್ಯಾಗನ್ ಜೋಡಿಸಿ, ಹಿಮ್ಮುಖವಾಗಿ ತಳ್ಳಿ. ಒಂದೇ ವ್ಯಾಗನ್ ಎಲ್ಲ ಕಡೆ ಹಳಿ ತಪ್ಪಿದರೆ ಅದರ ಚಕ್ರಗಳ ನಡುವಿನ ಅಂತರವನ್ನು ಗೇಜಿನಿಂದ ನೋಡಿ. ಎಲ್ಲ ವ್ಯಾಗನ್ ಒಂದೇ ಕಡೆ ತಪ್ಪಿದರೆ ಹಳಿಯನ್ನು ನೋಡಿ. ಗುರುತುಗಳೆಲ್ಲ ಅಳಿಸುವವರೆಗೂ ಜಲ್ಲಿಗೆ ಅಂಟು ಸುರಿಯಬೇಡಿ. ಅಂಟು ಒಣಗಿದ ಮೇಲೆ ಪಾಯಿಂಟ್ ಎತ್ತಬೇಕೆಂದರೆ ಅದನ್ನು ಮುರಿಯದೆ ಎತ್ತುವುದು ಕಷ್ಟ.